ಅಂಚು ಒಂದು, ಹೆಸರು ಹಲವು



ನಿಮ್ಮ ಸೀರೆಯ ಅಂಚನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೈ ಬಟ್ಟೆಗಿಂತ ಅಂಚು ದಪ್ಪ. ಅಂಚು ಗಟ್ಟಿ. ನಡೆಯುವಾಗ ನೆಲಕ್ಕೆ ತಾಗುವುದು ಅಂಚು. ಕಲ್ಲಿಗೆ, ಮುಳ್ಳಿಗೆ ಸಿಗುವುದೂ ಅಂಚೇ. ಅಂಚು ಕಿತ್ತರೆ ಬಟ್ಟೆ ಎಳೆ ಬಿಡುತ್ತದೆ. ಎಳೆ ಬಿಟ್ಟ ಸೀರೆ ಬಹಳ ದಿನ ಬಾಳುವುದಿಲ್ಲ.

ಒಂದು ವಸ್ತು ಎಲ್ಲಿ ಮುಗಿಯುತ್ತದೋ ಅಲ್ಲಿ ಅದರ ಅಂಚು. ಅಂಚು ಇದ್ದರೆ ಒಳಗಿನದು ಒಳಗೆ ಉಳಿಯುತ್ತದೆ.

ಒಂದು ಸಂಜೆ ನಾವು ಕಲಿಕೆ ಕೇಂದ್ರದಲ್ಲಿ ಒಂದು ಆಟ ಆಡಿದೆವು. ಕರಿ ಹಲಗೆಯ ಮೇಲೆ ಒಂದೇ ಮಾತು ಬರೆದೆವು. ಅಂಚು. "ಇದಕ್ಕ ನಮ್ಮ ಮಾತಿನಾಗ ಎಷ್ಟು ಹೆಸರು ಅದಾವು? ಒಬ್ಬೊಬ್ಬರು ಒಂದೊಂದು ಹೇಳ್ರಿ" ಅಂದೆವು.

ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬಾಕೆ "ಸೆರಗು" ಅಂದಳು. ಇನ್ನೊಬ್ಬಾಕೆ "ದಂಡಿ" ಅಂದಳು. ಮೂಲೆಯಲ್ಲಿ ಕೂತಿದ್ದ ಅಜ್ಜಿ "ಬದು" ಅಂದಳು. ಅರ್ಧ ಗಂಟೆಯಲ್ಲಿ ಹಲಗೆ ತುಂಬಿತು. ನಮಗೆ ಅಕ್ಷರ ಹೊಸದು. ಆದರೆ ಮಾತು ಹಳೆಯದು. ಇಷ್ಟೊಂದು ಮಾತು ನಮ್ಮ ಬಳಿ ಇದ್ದವು ಅಂತ ನಮಗೇ ಗೊತ್ತಿರಲಿಲ್ಲ.

ಆ ಮಾತುಗಳನ್ನು ಈ ಪಾಠದಲ್ಲಿ ಓದೋಣ. ಕೊನೆಗೆ ಅವುಗಳಲ್ಲಿ ಕೆಲವು ಮಾತು ನಮ್ಮ ಗುಂಪಿನ ಒಬ್ಬ ಅಕ್ಕನನ್ನು ಹೇಗೆ ಕಾಪಾಡಿದವು ಅನ್ನುವುದನ್ನೂ ನೋಡೋಣ.

ಸೀರೆಯಲ್ಲಿ

ಇಳಕಲ್ಲ ಸೀರೆ ನಮಗೆಲ್ಲ ಗೊತ್ತು. ಇಳಕಲ್ಲ ಬಾಗಲಕೋಟೆ ಜಿಲ್ಲೆಯ ಊರು. ಅಲ್ಲಿಯ ಸೀರೆಗೆ ಮೂರು ಭಾಗ. ಒಂದು ಮೈ. ಎರಡು ಅಂಚು. ಮೂರು ಸೆರಗು.

ಅಂಚು ಸೀರೆಯ ಉದ್ದಕ್ಕೂ ಹೋಗುತ್ತದೆ. ಸೆರಗು ಸೀರೆಯ ಒಂದು ತುದಿಗೆ ಬರುತ್ತದೆ. ಇಳಕಲ್ಲದ ಅಂಚಿಗೆ ಗೋಮಿ, ಗಾಡಿ ಮುಂತಾದ ಹೆಸರು ಇವೆ. ಸೆರಗಿಗೆ ತೋಪತೆನಿ ಸೆರಗು ಅನ್ನುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿ ತೆನೆಯ ಸಾಲು ಇರುತ್ತದೆ.

ಸೆರಗಿನ ಎಳೆ ಬೇರೆ. ಮೈಯ ಎಳೆ ಬೇರೆ. ನೇಕಾರರು ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದೊಂದು ಎಳೆಗೂ ಒಂದೊಂದು ಕೊಂಡಿ. ಈ ಕೊಂಡಿ ಹಾಕುವ ಕೆಲಸದಲ್ಲಿ ಮನೆಯ ಹೆಂಗಸರ ಕೈ ಇರುತ್ತದೆ. ಸೀರೆ ಉಟ್ಟವರಿಗೆ ಕೊಂಡಿ ಕಾಣುವುದಿಲ್ಲ. ಆದರೆ ಸೆರಗು ಸೀರೆಗೆ ಅಂಟಿ ನಿಂತಿರುವುದು ಆ ಕೊಂಡಿಯಿಂದಲೇ.

ಸೆರಗು ಸೀರೆಗೆ ಮಾತ್ರ ಇಲ್ಲ. ಬೆಟ್ಟದ ಸೆರಗು ಅನ್ನುತ್ತೇವೆ. ಕಾಡಿನ ಸೆರಗು ಅನ್ನುತ್ತೇವೆ. ಬೆಟ್ಟ ಇಳಿದು ಬಯಲಿಗೆ ಸೇರುವ ಜಾಗ ಬೆಟ್ಟದ ಸೆರಗು. ಮರ ತೆಳುವಾಗಿ ಹೊಲ ಶುರುವಾಗುವ ಜಾಗ ಕಾಡಿನ ಸೆರಗು. ಬೆಟ್ಟವೂ ಸೀರೆ ಉಟ್ಟ ಹೆಂಗಸಿನ ಹಾಗೆ ನಮ್ಮ ಹಿರಿಯರಿಗೆ ಕಂಡಿರಬೇಕು.

ಸೆರಗು ಹಿಡಿದು ಮಗು ನಡೆಯುತ್ತದೆ. ಸೆರಗಿನಲ್ಲಿ ಕಣ್ಣು ಒರೆಸುತ್ತೇವೆ. ಕಷ್ಟ ಬಂದಾಗ ಸೆರಗು ಒಡ್ಡಿ ಬೇಡಿದೆವು ಅನ್ನುತ್ತೇವೆ. ಒಂದು ತುದಿ ಬಟ್ಟೆಗೆ ಎಷ್ಟು ಕೆಲಸ!

ಮನೆಯಲ್ಲಿ

ತಾಟಿಗೆ ಅಂಚು ಇದೆ. ಮೊರಕ್ಕೆ ಅಂಚು ಇದೆ. ರೊಟ್ಟಿಗೂ ಅಂಚು ಇದೆ. ರೊಟ್ಟಿ ತಟ್ಟುವಾಗ ಅಂಚು ಒಡೆಯದ ಹಾಗೆ ಕೈ ತಿರುಗಿಸುತ್ತೇವೆ. ಅಂಚು ಒಡೆದರೆ ರೊಟ್ಟಿ ಉಬ್ಬುವುದಿಲ್ಲ.

ಆದರೆ ಕೊಡಕ್ಕೆ ಅಂಚು ಅನ್ನುವುದಿಲ್ಲ. ಕೊಡಕ್ಕೆ ಕಂಠ ಇದೆ. ಕೊಡಕ್ಕೆ ಬಾಯಿ ಇದೆ. ಕಂಠದ ತನಕ ನೀರು ತುಂಬಿದರೆ ಕಂಠಮಟ ತುಂಬಿತು ಅನ್ನುತ್ತೇವೆ. ಸಾಲ ಹೆಚ್ಚಾದರೂ ಕಂಠಮಟ ಸಾಲ ಅನ್ನುತ್ತೇವೆ. ಮನುಷ್ಯರಿಗೆ ಇರುವ ಬಾಯಿ, ಕಂಠ, ಹೊಟ್ಟೆ ಎಲ್ಲವನ್ನೂ ನಾವು ಕೊಡಕ್ಕೆ ಕೊಟ್ಟಿದ್ದೇವೆ.

ಬಾಯಿ ಇನ್ನೊಂದು ಕಡೆಯೂ ಬರುತ್ತದೆ. ಕುಡಗೋಲಿಗೂ ಬಾಯಿ ಇದೆ. ಕೊಡದ ಬಾಯಿ ನೀರು ಕುಡಿಯುತ್ತದೆ. ಕುಡಗೋಲಿನ ಬಾಯಿ ಜೋಳದ ದಂಟು ಕತ್ತರಿಸುತ್ತದೆ. ಬಾಯಿ ಮೊಂಡಾದರೆ ಸಾಣೆ ಹಿಡಿಸುತ್ತೇವೆ. ಮಾತು ಒಂದೇ. ಕೆಲಸ ಬೇರೆ ಬೇರೆ.

ಮನೆಯ ಮಾಡು ಹೊರಗೆ ಚಾಚಿ ನಿಂತ ಅಂಚಿಗೆ ಸೂರು ಅನ್ನುತ್ತಾರೆ. ಮಳೆ ನೀರು ಸೂರಿನಿಂದ ಕೆಳಗೆ ಬೀಳುತ್ತದೆ. ಆದರೆ "ಬಡವರಿಗೆ ಒಂದು ಸೂರು ಬೇಕು" ಅಂದಾಗ ಮಾಡಿನ ಅಂಚು ಬೇಕು ಅಂತ ಅಲ್ಲ. ಇಡೀ ಮನೆ ಬೇಕು ಅಂತ ಅರ್ಥ. ಅಂಚಿನ ಹೆಸರೇ ಮನೆಯ ಹೆಸರಾಯಿತು.

ಬಂಡಿಯ ಗಾಲಿಗೂ ಒಂದು ಅಂಚು ಇದೆ. ಕಟ್ಟಿಗೆಯ ಗಾಲಿಯ ಸುತ್ತ ಕಬ್ಬಿಣದ ಪಟ್ಟಿ ಇರುತ್ತದೆ. ಅದು ಹಳಿ. ಕಮ್ಮಾರರು ಹಳಿಯನ್ನು ಬೆಂಕಿಯಲ್ಲಿ ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ಆಗ ಗಾಲಿಗೆ ಏರಿಸಿ ನೀರು ಹಾಕುತ್ತಾರೆ. ತಣ್ಣಗಾದ ಕಬ್ಬಿಣ ಕುಗ್ಗುತ್ತದೆ. ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಈಗ ಬಂಡಿ ಕಡಿಮೆ ಆಗಿವೆ. ಆದರೆ ಹಳಿ ಅನ್ನುವ ಮಾತು ಉಳಿದಿದೆ. ರೈಲು ಓಡುವ ಕಬ್ಬಿಣದ ದಾರಿಗೂ ಹಳಿ ಅನ್ನುತ್ತೇವೆ.

ನೀರಿನ ಹತ್ತಿರ

ಹೊಳೆಯ ಅಂಚಿಗೆ ದಡ ಅನ್ನುತ್ತೇವೆ. ದಂಡೆ ಅಂತಲೂ ಅನ್ನುತ್ತೇವೆ. ನಮ್ಮ ಆಡುಮಾತಿನಲ್ಲಿ ಅದು ದಂಡಿ. ಹೊಳಿ ದಂಡಿ, ಹಳ್ಳದ ದಂಡಿ. ಮದುವೆಯಲ್ಲಿ ಮದುಮಗಳ ತಲೆಗೆ ಕಟ್ಟುವ ಹೂವಿಗೂ ದಂಡಿ ಅನ್ನುತ್ತೇವೆ.

ಕೆರೆಗೆ ಏರಿ ಇದೆ. ಏರಿ ಅಂದರೆ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ. ಏರಿಯ ಒಂದು ಕಡೆ ತಗ್ಗು ಜಾಗ ಬಿಟ್ಟಿರುತ್ತಾರೆ. ಅದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಕೋಡಿಯಿಂದ ಹೊರಗೆ ಹೋಗುತ್ತದೆ. ಕೆರೆ ಕೋಡಿ ಬಿತ್ತು ಅಂದರೆ ಊರಿಗೆಲ್ಲ ಸಂತೋಷ. ಕೋಡಿ ಇಲ್ಲದಿದ್ದರೆ ಹೆಚ್ಚಾದ ನೀರು ಏರಿಯ ಮೇಲೆ ಹರಿಯುತ್ತದೆ. ಮಣ್ಣು ಕೊಚ್ಚಿ ಹೋಗುತ್ತದೆ. ಏರಿ ಒಡೆಯುತ್ತದೆ.

ದುಃಖ ತುಂಬಿದಾಗ ಕಣ್ಣೀರ ಕೋಡಿ ಹರಿಯಿತು ಅನ್ನುತ್ತೇವೆ. ಕೆರೆಯ ಮಾತು ಕಣ್ಣಿಗೆ ಬಂತು.

ಆಕಾಶದಲ್ಲಿ

ಅಮಾವಾಸ್ಯೆ ಆದ ಎರಡನೆಯ ದಿನ ಬಿದಿಗೆ. ಆ ಸಂಜೆ ಸೂರ್ಯ ಮುಳುಗಿದ ಮೇಲೆ ಪಡುವಣ ದಿಕ್ಕಿಗೆ ನೋಡಿ. ತೆಳ್ಳಗಿನ ಚಂದ್ರ ಕಾಣುತ್ತದೆ. ಅದೇ ಬಿದಿಗೆ ಚಂದ್ರ. ಸ್ವಲ್ಪ ಹೊತ್ತಿಗೆ ಅದೂ ಮುಳುಗುತ್ತದೆ.

ಯುಗಾದಿಯಲ್ಲಿ ಹೊಸ ಚಂದ್ರನನ್ನು ನೋಡಿ ಕೈ ಮುಗಿಯುತ್ತೇವೆ. ನಮ್ಮ ಓಣಿಯ ಮುಸ್ಲಿಂ ಅಕ್ಕಂದಿರು ಇಂಥದೇ ತೆಳು ಚಂದ್ರನನ್ನು ನೋಡಿ ರಂಜಾನ್ ಉಪವಾಸ ಮುಗಿಸುತ್ತಾರೆ. ಮಾಳಿಗೆಯ ಮೇಲೆ ನಿಂತು ಚಾಂದ ಕಂಡಿತೇ ಅಂತ ಕೇಳುತ್ತಾರೆ. ಹಬ್ಬ ಬೇರೆ, ಚಂದ್ರ ಒಂದೇ.

ಬಿದಿಗೆ ಚಂದ್ರನ ಎರಡು ತುದಿಗೆ ಕೋಡು ಅನ್ನುತ್ತಾರೆ. ಎತ್ತಿನ ಕೊಂಬಿಗೂ ಕೋಡು ಅನ್ನುತ್ತಾರೆ. ಬೆಟ್ಟದ ಚೂಪು ತುದಿಯೂ ಕೋಡು. ಕೋಡು ಬೇರೆ, ಕೆರೆಯ ಕೋಡಿ ಬೇರೆ. ಕೊನೆಯ ಗುರುತನ್ನು ನೋಡಿ ಓದಬೇಕು.

ಕೊಂಬು ನಮ್ಮ ಅಕ್ಷರದಲ್ಲೂ ಇದೆ. ಅಂಚು ಅನ್ನುವ ಮಾತನ್ನು ಬಿಡಿಸಿ ನೋಡಿ. ಅಂ, ಚು. ಚ ಅಕ್ಷರಕ್ಕೆ ಬಲಗಡೆ ಬಾಗಿದ ಗುರುತು ಕೊಟ್ಟರೆ ಚು ಆಗುತ್ತದೆ. ಆ ಬಾಗಿದ ಗುರುತಿನ ಹೆಸರು ಕೊಂಬು. ಅಕ್ಷರ ಬರೆಯುವಾಗ ನಾವು ದಿನವೂ ಒಂದು ಕೊಂಬನ್ನು ಬರೆಯುತ್ತಿದ್ದೇವೆ.

ಚಂದ್ರ ಯಾಕೆ ಹೀಗೆ ತೆಳ್ಳಗೆ ಕಾಣುತ್ತದೆ? ಭೂಮಿಯ ನೆರಳು ಬಿದ್ದು ಹೀಗಾಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಭೂಮಿಯ ನೆರಳು ಬೀಳುವುದು ಚಂದ್ರ ಗ್ರಹಣದಲ್ಲಿ ಮಾತ್ರ. ಚಂದ್ರನಿಗೆ ಸ್ವಂತ ಬೆಳಕು ಇಲ್ಲ. ಸೂರ್ಯನ ಬೆಳಕು ಚಂದ್ರನ ಅರ್ಧ ಭಾಗಕ್ಕೆ ಬೀಳುತ್ತದೆ. ಬೆಳಗಿದ ಆ ಅರ್ಧದಲ್ಲಿ ನಮ್ಮ ಕಡೆಗೆ ಎಷ್ಟು ತಿರುಗಿದೆಯೋ ಅಷ್ಟು ನಮಗೆ ಕಾಣುತ್ತದೆ. ಬಿದಿಗೆಯಲ್ಲಿ ಬರೀ ಅಂಚು ಕಾಣುತ್ತದೆ. ಹುಣ್ಣಿಮೆಯಲ್ಲಿ ಪೂರ್ತಿ ಕಾಣುತ್ತದೆ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸುಮಾರು 29 ದಿನ ಮತ್ತು ಅರ್ಧ ದಿನ.

ಮನೆಯಲ್ಲೇ ಮಾಡಿ ನೋಡಿ. ಕತ್ತಲ ಕೋಣೆಯಲ್ಲಿ ಒಂದು ದೀಪ ಇಡಿ. ಕೈಯಲ್ಲಿ ಒಂದು ಬಿಳಿ ಚೆಂಡು ಹಿಡಿಯಿರಿ. ಕೈ ಚಾಚಿ ನಿಂತಲ್ಲೇ ನಿಧಾನ ಸುತ್ತ ತಿರುಗಿ. ಚೆಂಡಿನ ಮೇಲೆ ಬಿದಿಗೆ ಕಾಣುತ್ತದೆ. ಅರ್ಧ ಕಾಣುತ್ತದೆ. ಹುಣ್ಣಿಮೆಯೂ ಕಾಣುತ್ತದೆ.

ಬಿದಿಗೆ ಚಂದ್ರನ ಆಕಾರ ನಮ್ಮ ಮನೆಯಲ್ಲೂ ಇದೆ. ಕುಡಗೋಲು ಅದೇ ಆಕಾರ. ಕರ್ಚಿಕಾಯಿ ಅರ್ಧ ಚಂದ್ರನ ಆಕಾರ. ಕರ್ಚಿಕಾಯಿ ಮಾಡುವಾಗ ಒಳಗೆ ಹೂರಣ ಇಟ್ಟು ಮಡಚಿ, ಅಂಚನ್ನು ಒತ್ತಿ ಮುಚ್ಚುತ್ತೇವೆ. ಅಂಚು ಸರಿಯಾಗಿ ಕೂಡದಿದ್ದರೆ ಹೂರಣ ಎಣ್ಣೆಯ ಪಾಲು.

ಇನ್ನೊಂದು ಅರ್ಧಚಂದ್ರ ಇದೆ. ಹೆಬ್ಬೆರಳನ್ನು ಅಗಲ ಮಾಡಿ ಕೈ ಚಾಚಿ ನೋಡಿ. ಹೆಬ್ಬೆರಳು, ತೋರುಬೆರಳಿನ ನಡುವೆ ಅರ್ಧಚಂದ್ರ ಕಾಣುತ್ತದೆ. ಕತ್ತಿಗೆ ಹೀಗೆ ಕೈ ಕೊಟ್ಟು ಹೊರಗೆ ನೂಕುವುದಕ್ಕೆ ಅರ್ಧಚಂದ್ರ ಪ್ರಯೋಗ ಅನ್ನುತ್ತಾರೆ. ಇದನ್ನು ಓದಿದಾಗ ನಾವೆಲ್ಲ ನಕ್ಕೆವು. ಮೂಲೆಯ ಅಜ್ಜಿ ಮಾತ್ರ ನಗಲಿಲ್ಲ. "ನಕ್ಕೋರಿ, ನಕ್ಕೋರಿ. ಕಾಗದ ಓದಾಕ ಬರದೋರಿಗೆ ಕುತ್ತಿಗಿ ಹಿಡಿಯೂದು ಬ್ಯಾಡ. ಹೆಬ್ಬೆಟ್ಟು ಹಿಡಿದರ ಸಾಕು, ಹೊರಗ ಹಾಕಬಹುದು" ಅಂದಳು.

ಆ ಮಾತಿನ ಅರ್ಥ ತಿಳಿಯಲು ನಾವು ಹೊಲಕ್ಕೆ ಹೋಗಬೇಕು.

ಹೊಲದಲ್ಲಿ

ಹೊಲದ ಅಂಚಿಗೆ ಬದು ಅನ್ನುತ್ತೇವೆ. ಮಳೆ ನೀರು ಹರಿದು ಹೋಗದಂತೆ, ಮಣ್ಣು ಕೊಚ್ಚದಂತೆ ಬದು ತಡೆಯುತ್ತದೆ. ಬದುವಿನ ಮೇಲೆ ಹುಲ್ಲು ಬೆಳೆಯುತ್ತದೆ. ಎರಡು ಹೊಲದ ನಡುವೆ ಬದು ಗುರುತಾಗಿ ನಿಲ್ಲುತ್ತದೆ. ವರುಷಕ್ಕೆ ಒಂದು ಗೇಣು ಬದು ಕಡಿದು ಹೊಲ ಹೆಚ್ಚು ಮಾಡಿಕೊಳ್ಳುವವರೂ ಇದ್ದಾರೆ. ಬದುವಿನ ಜಗಳ ಕೋರ್ಟಿನ ತನಕ ಹೋಗುತ್ತದೆ.

ಬದು ಕಣ್ಣಿಗೆ ಕಾಣುತ್ತದೆ. ಕಾಗದದಲ್ಲಿ ಬರುವ ಅಂಚಿಗೆ ಬೇರೆ ಹೆಸರು ಇವೆ. ಇವನ್ನು ನಿಧಾನವಾಗಿ ಎರಡು ಸಲ ಓದಿ.

ಎಲ್ಲೆ, ಮೇರೆ, ಗಡಿ, ಹದ್ದು. ಇವೆಲ್ಲಕ್ಕೂ ಅಂಚು, ಕೊನೆ ಅಂತಲೇ ಅರ್ಥ. ಹದ್ದು ಅಂದರೆ ಆಕಾಶದಲ್ಲಿ ಹಾರುವ ಹಕ್ಕಿಯೂ ಹೌದು. ಆದರೆ "ಹದ್ದು ಮೀರಬೇಡ" ಅಂದಾಗ ಹಕ್ಕಿ ಅಲ್ಲ. ಗೆರೆ ದಾಟಬೇಡ ಅಂತ ಅರ್ಥ.

ಹದ್ದುಬಸ್ತು. ಹೊಲದ ಗಡಿ ಎಲ್ಲಿದೆ ಅಂತ ಸರಕಾರದ ಭೂಮಾಪಕರು ಅಳತೆ ಮಾಡಿ ಗುರುತಿಸಿ ಕೊಡುವುದಕ್ಕೆ ಹದ್ದುಬಸ್ತು ಅನ್ನುತ್ತಾರೆ. ಬದುವಿನ ಜಗಳ ಬಂದಾಗ ಇದಕ್ಕೆ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು.

ಚಕ್ಕುಬಂದಿ. ಹೊಲದ ಅಥವಾ ಮನೆಯ ನಾಲ್ಕು ದಿಕ್ಕಿಗೆ ಏನಿದೆ ಅಂತ ಪತ್ರದಲ್ಲಿ ಬರೆಯುತ್ತಾರೆ. ಮೂಡಣಕ್ಕೆ ಏನು, ಪಡುವಣಕ್ಕೆ ಏನು, ಬಡಗಣಕ್ಕೆ ಏನು, ತೆಂಕಣಕ್ಕೆ ಏನು. ಪತ್ರದಲ್ಲಿ ಇವನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಬರೆಯುತ್ತಾರೆ. ಈ ನಾಲ್ಕು ಅಂಚಿನ ಒಳಗೆ ಇರುವ ಜಾಗವೇ ಪತ್ರದಲ್ಲಿ ಹೇಳಿದ ಜಾಗ.

ಪಹಣಿ. ಹೊಲದ ಸರ್ವೆ ನಂಬರು, ಅಳತೆ, ಮಾಲೀಕರ ಹೆಸರು, ಹೊಲದ ಮೇಲಿನ ಸಾಲ ಇದರಲ್ಲಿ ಇರುತ್ತವೆ. ಅಳತೆ ಎಕರೆ, ಗುಂಟೆ ಲೆಕ್ಕದಲ್ಲಿ ಇರುತ್ತದೆ. 40 ಗುಂಟೆಗೆ 1 ಎಕರೆ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಅದು 1 ಗುಂಟೆ.

ಅಕ್ಕನ ಕಾಗದ

ಶ್ರಾವಣ ಬಂತು ಅಂದರೆ ಹೆಣ್ಣು ಮಕ್ಕಳಿಗೆ ತವರಿನ ನೆನಪು. ನಾಗರ ಅಮಾವಾಸ್ಯೆ ಮುಗಿದು, ಮೋಡದ ನಡುವೆ ಬಿದಿಗೆ ಚಂದ್ರ ಕಂಡರೆ ಪಂಚಮಿಗೆ ಮೂರೇ ದಿನ. ಅಣ್ಣ ಕರೆಯಲು ಬರುತ್ತಾನೆ. ಉಂಡಿ, ಅಳ್ಳಿಟ್ಟು, ಜೋಕಾಲಿ.

ನಮ್ಮ ಗುಂಪಿನ ಒಬ್ಬ ಅಕ್ಕನಿಗೆ ಇಬ್ಬರು ಅಣ್ಣಂದಿರು. ಅಪ್ಪ ತೀರಿಕೊಂಡಿದ್ದ. ಆ ವರುಷ ದೊಡ್ಡ ಅಣ್ಣ ಎರಡು ದಿನ ಮೊದಲೇ ಬಂದ. ಕೈಯಲ್ಲಿ ಒಂದು ಇಳಕಲ್ಲ ಸೀರೆ ಇತ್ತು. ಅಗಲ ಅಂಚು, ಕೆಂಪು ಸೆರಗು. ಅಕ್ಕ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಕಣ್ಣು ತುಂಬಿ ಬಂತು.

ಸೀರೆಯ ಮಡಿಕೆಯ ಕೆಳಗೆ ಒಂದು ಕಾಗದವೂ ಇತ್ತು.

"ಇದೇನಣ್ಣಾ?" ಅಂದಳು.

"ಏನಿಲ್ಲವ್ವಾ. ಬೆಳೆ ಸಾಲದ ಕಾಗದ. ಮನಿ ಮಂದಿದೆಲ್ಲ ಹೆಬ್ಬೆಟ್ಟು ಬೇಕಂತ. ಇವತ್ತ ಒತ್ತಿಬಿಡು. ನಾಳೆ ಕಚೇರಿಗೆ ಹೋಗಿ ಬರೂಣು. ಹಂಗ ಊರಿಗೆ ಹೋಗೂಣು."

ಮೊದಲಾಗಿದ್ದರೆ ಅಕ್ಕ ಹೆಬ್ಬೆಟ್ಟು ಒತ್ತುತ್ತಿದ್ದಳು. ಹಿಂದೆ ಹಾಗೆಯೇ ಒತ್ತಿದ್ದಳು. ಯಾವ ಕಾಗದಕ್ಕೆ ಅಂತ ಇಂದಿಗೂ ಅವಳಿಗೆ ಗೊತ್ತಿಲ್ಲ. ಈ ಸಲ ಅವಳು ಕಾಗದವನ್ನು ಬೆಳಕಿಗೆ ಹಿಡಿದಳು. ಮೇಲಿನ ದಪ್ಪ ಅಕ್ಷರದ ಮೇಲೆ ಬೆರಳು ಇಟ್ಟಳು.

"ಹ... ಕ್ಕು. ಬಿ... ಡು... ಗ... ಡೆ. ಪ... ತ್ರ."

ಅಣ್ಣ ಸುಮ್ಮನಾದ.

ಅವಳಿಗೆ ಎಲ್ಲ ಸಾಲೂ ತಿಳಿಯಲಿಲ್ಲ. ಕಚೇರಿ ಮಾತು ಗಟ್ಟಿ ಕಡಲೆಯ ಹಾಗೆ. ಒಂದೊಂದು ಸಾಲು ಅರ್ಧ ಹಾಳೆಯಷ್ಟು ಉದ್ದ. ಆದರೆ ಕೆಳಗೆ ಒಂದು ಮಾತು ಕಂಡಿತು. ಚಕ್ಕುಬಂದಿ. ಅದು ನಮ್ಮ ಕರಿ ಹಲಗೆಯ ಮೇಲೆ ಬರೆದ ಮಾತು. ಅದರ ಕೆಳಗಿನ ನಾಲ್ಕು ಸಾಲು ಸಣ್ಣವು. ಅವಳು ಓದಿದಳು.

ಪೂರ್ವಕ್ಕೆ: ಹಳ್ಳದ ದಂಡೆ.
ಪಶ್ಚಿಮಕ್ಕೆ: ಬಂಡಿ ದಾರಿ.
ಉತ್ತರಕ್ಕೆ: ಕೆರೆ ಕೋಡಿಯ ಕಾಲುವೆ.
ದಕ್ಷಿಣಕ್ಕೆ: ಪಕ್ಕದ ಹೊಲದ ಬದು.

ಓದಿದ ಕೂಡಲೇ ಆ ಜಾಗ ಅವಳ ಕಣ್ಣ ಮುಂದೆ ಬಂತು. ಅದು ಅಪ್ಪನ ಬಾವಿ ಹೊಲ. ಆ ಹಳ್ಳದ ದಂಡೆಯಲ್ಲಿ ಅವಳು ಬಟ್ಟೆ ಒಗೆದಿದ್ದಳು. ಆ ಕೋಡಿ ನೀರಿನಲ್ಲಿ ಆಡಿದ್ದಳು. ಆ ಬದುವಿನ ಹುಲ್ಲನ್ನು ಕುಡಗೋಲು ಹಿಡಿದು ಕೊಯ್ದಿದ್ದಳು. ಕೈಗೆ ಕುಡಗೋಲು ತಾಗಿದ ಗಾಯದ ಗುರುತು ಈಗಲೂ ಇದೆ. ಅದೂ ಬಿದಿಗೆ ಚಂದ್ರನ ಹಾಗೆಯೇ ಇದೆ.

"ಅಣ್ಣಾ, ಇದು ಸಾಲದ ಕಾಗದ ಅಲ್ಲ. ಬಾವಿ ಹೊಲದಾಗ ನನ್ನ ಹಕ್ಕು ಬಿಟ್ಟೇನಿ ಅಂತ ಬರದಾರ."

"ನಿನಗ ಓದಾಕ ಬರ್ತೈತೇನು?"

"ಈಗ ಬರ್ತೈತಿ."

ಅಣ್ಣ ನೆಲ ನೋಡಿದ. "ಹೆಣ್ಣ ಮಕ್ಕಳು ತವರಿನ ಹೊಲ ಕೇಳ್ತಾರೇನವ್ವಾ? ಮಂದಿ ಏನಂದಾರು?" ಅಂದ.

"ನಾ ಕೇಳಿಲ್ಲಣ್ಣಾ. ನೀವು ಬಿಡಸ್ಕೊಳ್ಳಾಕ ಬಂದೀರಿ" ಅಂದಳು.

ಆ ಸಂಜೆ ಅಕ್ಕ ಕಲಿಕೆ ಕೇಂದ್ರಕ್ಕೆ ಬಂದಳು. ಹಬ್ಬದ ಸೀರೆ ಉಟ್ಟಿರಲಿಲ್ಲ. ಕಾಗದದ ಮಾತನ್ನು ನಮಗೆ ಹೇಳಿ ಅತ್ತಳು. "ಹೆಬ್ಬೆಟ್ಟು ಒತ್ತಿದರ ಹೊಲ ಹೋತು. ಒತ್ತಲಿಲ್ಲಂದ್ರ ತವರು ಹೋತು. ನಾ ಏನ ಮಾಡ್ಲಿ?"

ನಮಗೂ ಥಟ್ಟನೆ ಉತ್ತರ ಸಿಗಲಿಲ್ಲ. ಕೆಲವರು "ಬಿಟ್ಟುಬಿಡು, ತವರು ಇರಲಿ" ಅಂದರು. ಕೆಲವರು "ಬಿಡಬ್ಯಾಡ" ಅಂದರು. ಅಜ್ಜಿ ಒಂದು ಗಾದೆ ಹೇಳಿದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಕಡೆಗೆ ಅಕ್ಕ ತಾನೇ ಒಂದು ಮಾತು ಆಡಿದಳು. ಅದನ್ನು ನಾವು ಹಲಗೆಯ ಮೇಲೆ ಬರೆದೆವು.

"ಬಿಡೂದಾದ್ರ ತಿಳಿದು ಬಿಡ್ತೇನಿ. ತಿಳೀದ ಬಿಡೂದಿಲ್ಲ."

ಅಕ್ಕ ಪಂಚಮಿಗೆ ತವರಿಗೆ ಹೋದಳು. ಅದೇ ಸೀರೆ ಉಟ್ಟುಕೊಂಡು ಹೋದಳು. ದೊಡ್ಡ ಅತ್ತಿಗೆ ಸರಿಯಾಗಿ ಮಾತಾಡಲಿಲ್ಲ. ಜೋಕಾಲಿ ಆಡು ಅಂತ ಯಾರೂ ಕರೆಯಲಿಲ್ಲ. ಅವ್ವ ಮಾತ್ರ ರಾತ್ರಿ ಹತ್ತಿರ ಕೂತು, "ಅಪ್ಪ ಇದ್ದಿದ್ದರ ನಿನಗೂ ಒಂದು ತುಣುಕು ಅಂತಿದ್ದ" ಅಂದಳು.

ಈಗಲೂ ಆ ಮಾತು ಮುಗಿದಿಲ್ಲ. ಹಿರಿಯರು ಎರಡು ಸಲ ಕೂಡಿದ್ದಾರೆ. ಸಣ್ಣ ಅಣ್ಣ "ಅಕೀಗೂ ಪಾಲು ಕೊಡೂಣು" ಅನ್ನುತ್ತಾನೆ. ದೊಡ್ಡ ಅಣ್ಣ ಇನ್ನೂ ಒಪ್ಪಿಲ್ಲ. ಆದರೆ ಮುಂದಿನ ಪಂಚಮಿಗೆ ಅವನೇ ಕರೆಯಲು ಬಂದ. ಆ ಸಲ ಸೀರೆಯ ಕೆಳಗೆ ಕಾಗದ ಇರಲಿಲ್ಲ.

ತಿಳಿದಿರೋಣ

ಕಾಯ್ದೆ ಏನು ಹೇಳುತ್ತದೆ ಅನ್ನುವುದನ್ನು ಸುಲಭವಾಗಿ ಬರೆಯುತ್ತೇವೆ.

ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ, ಅವನ ಸ್ವಂತ ಗಳಿಕೆಯ ಆಸ್ತಿಯಲ್ಲಿ ಅವನ ತಾಯಿಗೆ, ಹೆಂಡತಿಗೆ, ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಸಮಪಾಲು.

ಹಿರಿಯರಿಂದ ಬಂದ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮ ಹಕ್ಕು ಇರಲಿಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಮಗಳಿಗೆ ಈ ಹಕ್ಕು ಬಂತು. ಆದರೆ ಅದಕ್ಕೆ ಮೊದಲೇ ಮದುವೆ ಆದವರಿಗೆ ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಹೊಸ ತಿದ್ದುಪಡಿ ಬಂತು. ಮದುವೆ ಆದವಳು, ಆಗದವಳು ಅನ್ನುವ ಭೇದ ಹೋಯಿತು. ಹುಟ್ಟಿನಿಂದಲೇ ಮಗಳಿಗೂ ಮಗನಷ್ಟೇ ಹಕ್ಕು. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತ ಇಲ್ಲ ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿ ಆದ ಪತ್ರದಿಂದ ಅಥವಾ ಕೋರ್ಟಿನ ಆದೇಶದಿಂದ ಪಾಲು ಆಗಿದ್ದರೆ, ಅದನ್ನು ಈ ತಿದ್ದುಪಡಿಯಿಂದ ಮತ್ತೆ ತೆರೆಯಲು ಬರುವುದಿಲ್ಲ.

ಮುಸ್ಲಿಂ ಮತ್ತು ಕ್ರೈಸ್ತ ಅಕ್ಕಂದಿರಿಗೆ ಬೇರೆ ಕಾಯ್ದೆಗಳಿವೆ. ಅವುಗಳಲ್ಲೂ ಮಗಳಿಗೆ ಪಾಲು ಇದೆ.

ಕಾಗದ ಕೈಗೆ ಬಂದಾಗ ಈ ನಾಲ್ಕು ಮಾತು ನೆನಪಿರಲಿ.

1. ಮೊದಲು ಪತ್ರದ ಹೆಸರು ಓದಿ. ಹಕ್ಕು ಬಿಡುಗಡೆ ಪತ್ರವೇ, ಕ್ರಯ ಪತ್ರವೇ, ಸಾಲದ ಪತ್ರವೇ ನೋಡಿ.

2. ಆಮೇಲೆ ಸರ್ವೆ ನಂಬರು, ಅಳತೆ, ಚಕ್ಕುಬಂದಿ ಓದಿ. ಯಾವ ಜಾಗ ಅಂತ ಗುರುತು ಹಿಡಿಯಿರಿ.

3. ಖಾಲಿ ಕಾಗದಕ್ಕೆ ಸಹಿ ಬೇಡ, ಹೆಬ್ಬೆಟ್ಟು ಬೇಡ. ತಿಳಿಯದಿದ್ದರೆ "ಎರಡು ದಿನ ತಡಿ, ಓದಿಸಿ ಹೇಳ್ತೇನಿ" ಅನ್ನಿ. ಹೀಗೆ ಹೇಳುವುದು ಜಗಳ ಅಲ್ಲ.

4. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಜಿಲ್ಲೆಯಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಇವು ಕೋರ್ಟಿನ ಆವರಣದಲ್ಲಿ ಇರುತ್ತವೆ. 1987ರ ಕಾಯ್ದೆಯಂತೆ ಹೆಂಗಸರಿಗೆ ಇಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ವರಮಾನ ಎಷ್ಟು ಅಂತ ನೋಡುವುದಿಲ್ಲ.

ಅಕ್ಕಂದಿರೇ, ಸೀರೆಯ ಅಂಚು ಎಳೆಯನ್ನು ಕಾಯುತ್ತದೆ. ಕೆರೆಯ ಏರಿ ನೀರನ್ನು ಕಾಯುತ್ತದೆ. ಕರ್ಚಿಕಾಯಿಯ ಅಂಚು ಹೂರಣವನ್ನು ಕಾಯುತ್ತದೆ. ಹೊಲದ ಅಂಚನ್ನು ಕಾಯುವವರು ನಾವು. ಅದರ ಹೆಸರು ಓದಲು ಬಂದರೆ ಕಾಯುವುದು ಸುಲಭ.

ಓದೋಣ, ಬರೆಯೋಣ

ಅ. ಒಂದೇ ಅಕ್ಷರ ಬದಲಾಗಿದೆ. ಅರ್ಥ ಪೂರ್ತಿ ಬದಲಾಗಿದೆ. ಗಟ್ಟಿಯಾಗಿ ಓದಿರಿ.

ಅಂಚು: ಸೀರೆಯ ಅಂಚು.
ಹಂಚು: ರೊಟ್ಟಿ ಬೇಯಿಸುವ ಹಂಚು. ಮನೆ ಮೇಲಿನ ಹಂಚು. ಪಾಲು ಹಂಚು.
ಕಂಚು: ಕಂಚಿನ ತಾಟು.
ಮಿಂಚು: ಮಳೆಗಾಲದ ಮಿಂಚು.
ಸಂಚು: ಮೋಸದ ಸಂಚು.

ಆ. ಬಿಟ್ಟ ಜಾಗ ತುಂಬಿರಿ. (ಕಂಠ, ಬದು, ಕೋಡಿ, ಸೆರಗು, ದಂಡೆ)

1. ಕೆರೆ ತುಂಬಿ ______ ಬಿತ್ತು.
2. ಮಗು ಅವ್ವನ ______ ಹಿಡಿದು ನಡೆಯಿತು.
3. ಕೊಡ ______ದ ತನಕ ತುಂಬಿದೆ.
4. ಎರಡು ಹೊಲದ ನಡುವೆ ______ ಇದೆ.
5. ಹಳ್ಳದ ______ಯಲ್ಲಿ ಬಟ್ಟೆ ಒಗೆದೆವು.

ಇ. ನಿಮ್ಮ ಮನೆಯ ಚಕ್ಕುಬಂದಿ ಬರೆಯಿರಿ. ಬಾಗಿಲಲ್ಲಿ ನಿಂತು ಸೂರ್ಯ ಹುಟ್ಟುವ ದಿಕ್ಕನ್ನು ಮೊದಲು ಗುರುತಿಸಿ.

ಪೂರ್ವಕ್ಕೆ: ____________
ಪಶ್ಚಿಮಕ್ಕೆ: ____________
ಉತ್ತರಕ್ಕೆ: ____________
ದಕ್ಷಿಣಕ್ಕೆ: ____________

ಈ. ಕೂಡಿ ಮಾತಾಡಿರಿ.

1. ನಿಮ್ಮ ಊರಿನಲ್ಲಿ ಅಂಚಿಗೆ ಇನ್ನೂ ಯಾವ ಹೆಸರು ಇವೆ? ಹಿರಿಯರನ್ನು ಕೇಳಿ ಬರೆಯಿರಿ.
2. ನೀವು ಓದದೆ ಹೆಬ್ಬೆಟ್ಟು ಒತ್ತಿದ ಕಾಗದ ಯಾವುದಾದರೂ ಇದೆಯೇ? ಅದು ಈಗ ಎಲ್ಲಿದೆ?
3. ಅಕ್ಕನ ಜಾಗದಲ್ಲಿ ನೀವು ಇದ್ದರೆ ಏನು ಮಾಡುತ್ತಿದ್ದಿರಿ? ಅಣ್ಣನ ಜಾಗದಲ್ಲಿ ಇದ್ದರ ಏನು ಮಾಡುತ್ತಿದ್ದಿರಿ?